ಸಹಾಯ ಬೇಕು: ಮೇಫ್ಲವರ್ ಹಡಗಿನ ಜಾನ್ ಹೌಲ್ಯಾಂಡ್ ವಂಶದ ಕೊಂಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಸೊಸೆ ಅಮೆರಿಕದವಳು. ಅವಳ ತಾಯಿ ಕಡೆಯವರು ಜಾನ್ ಹೌಲ್ಯಾಂಡ್ ವಂಶದವರು ಅಂತ ಮನೆಯಲ್ಲಿ ಮಾತಿದೆ. 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕದ ಈಗಿನ ಮ್ಯಾಸಚೂಸೆಟ್ಸ್‌ಗೆ ವಲಸಿಗರನ್ನು ಕರೆದೊಯ್ದ ಮೇಫ್ಲವರ್ ಹಡಗನ್ನು, ಆ ವಲಸಿಗರ ಮುಖಂಡ ಜಾನ್ ಕಾರ್ವರ್ ಅವರ ಆಳಾಗಿ ಹತ್ತಿದವನು ಈತ. ಬಿರುಗಾಳಿಗೆ ಸಮುದ್ರಕ್ಕೆ ಬಿದ್ದು, ನೇತಾಡುತ್ತಿದ್ದ ಹಗ್ಗ ಹಿಡಿದು ಬದುಕಿಕೊಂಡ. ಆಮೇಲೆ ಎಲಿಜಬೆತ್ ಟಿಲ್ಲಿಯನ್ನು ಮದುವೆಯಾದ. ಹತ್ತು ಮಕ್ಕಳು! ಹಗ್ಗ ಕೈತಪ್ಪಿದ್ದರೆ ಅವರ್ಯಾರೂ ಇರುತ್ತಿರಲಿಲ್ಲ, ಅಲ್ವಾ?

ನಾವು ಸೊಸೆಯ ಕಡೆಯಿಂದ ಹಿಂದಕ್ಕೆ ಹುಡುಕುತ್ತಾ 1850ರಲ್ಲಿ ನಿಂತಿದ್ದೇವೆ. ಅದಕ್ಕೂ ಹಿಂದಿನ ಜನಗಣತಿಯಲ್ಲಿ ಮನೆ ಯಜಮಾನನ ಹೆಸರು ಮಾತ್ರ ಇದೆ, ಹೆಂಡತಿ ಮಕ್ಕಳು ಬರೀ ಲೆಕ್ಕಕ್ಕೆ. ಮ್ಯಾಸಚೂಸೆಟ್ಸ್‌ನ ಹಳೇ ಉಯಿಲು, ಜಮೀನು ಪತ್ರ, ಊರಿನ ಜನನ-ಮರಣ ದಾಖಲೆ ನೋಡಿ ಗೊತ್ತಿರುವವರು ಯಾವುದರಿಂದ ಶುರು ಮಾಡಬೇಕು ಅಂತ ದಯವಿಟ್ಟು ತಿಳಿಸಿ. ಮೊಮ್ಮಗಳಿಗೆ ಎರಡೂ ಕಡೆಯ ವಂಶವೃಕ್ಷ ಬರೆದುಕೊಡುವ ಆಸೆ ನನ್ನದು.