ಸಹಾಯ ಬೇಕು: ಹೊಗಳಿದ ಓದುಗರಿಗೆ ಏನಂತ ಬರೆಯಲಿ?

ಗೆಳೆಯರೇ, ಮಹಾಭಾರತದ ಪಾತ್ರಗಳನ್ನು ಇಟ್ಟುಕೊಂಡು ಹವ್ಯಾಸಕ್ಕೆ ಕಥೆ ಬರೆಯುತ್ತೇನೆ. ಈಗ ದುರ್ಯೋಧನನ ಹೆಂಡತಿ ಭಾನುಮತಿಯ ಕಥೆ ಕಂತು ಕಂತಾಗಿ ಬರುತ್ತಿದೆ. ಕರ್ಣನ ಜೊತೆ ಪಗಡೆಯಾಡುವಾಗ ಹಾರ ಹರಿದು ಮುತ್ತು ಚೆಲ್ಲುತ್ತದಲ್ಲ, ಆ ಕಂತಿಗೆ ಸಿಕ್ಕ ಪ್ರೀತಿ ಸ್ವಲ್ಪ ಜಾಸ್ತಿಯೇ ಆಯಿತು. ಒಬ್ಬರು ಬರೆದಿದ್ದರು: "ಮಂಚದ ಕೆಳಗೆ ಉರುಳಿದ ಒಂದು ಮುತ್ತನ್ನು ಅವಳು ಯಾರಿಗೂ ಹೇಳದೆ ಸೆರಗಿಗೆ ಕಟ್ಟಿಕೊಂಡಳು ಅಂದಿರಲ್ಲ, ಅಲ್ಲೇ ನಿಂತುಬಿಟ್ಟೆ." ಆ ಸಾಲನ್ನು ನಾನು ಮೂರು ಸಲ ಅಳಿಸಿ ಬರೆದಿದ್ದೆ!

ತೊಂದರೆ ಏನೆಂದರೆ, ಹಲವರು ಇದು ವ್ಯಾಸರದ್ದೇ ಅಂತ ನಂಬಿದ್ದಾರೆ. ವ್ಯಾಸಭಾರತದಲ್ಲಿ ಈ ಪ್ರಸಂಗ ಇಲ್ಲ. ನಮ್ಮ ಪಂಪ 10ನೇ ಶತಮಾನದಲ್ಲೇ ಬರೆದಿದ್ದಾನೆ. ಮುತ್ತು ಆಯ್ದುಕೊಡಲೇ ಎಂದು ದುರ್ಯೋಧನ ಕೇಳುವುದೂ ಅಲ್ಲಿದೆ. ಮಂಚದ ಕೆಳಗಿನ ಮುತ್ತು ಮಾತ್ರ ನನ್ನದು.

ಸುಮ್ನೆ 'ಧನ್ಯವಾದ' ಅಂದರೆ ಪಂಪನ ಹೊಗಳಿಕೆಯನ್ನು ನಾನು ಜೇಬಿಗೆ ಹಾಕಿಕೊಂಡ ಹಾಗೆ, ಅಲ್ವಾ? ತಿದ್ದಲು ಹೋದರೆ ಮೇಷ್ಟ್ರ ಥರ ಕಾಣುತ್ತೇನೆ. ಕಂತಿನ ಕೊನೆಗೆ ಒಂದು ಟಿಪ್ಪಣಿ ಹಾಕಲೇ, ಒಬ್ಬೊಬ್ಬರಿಗೇ ಬರೆಯಲೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹಾಗೇ, ಯಕ್ಷಗಾನದಲ್ಲೋ ಜನಪದದಲ್ಲೋ ಭಾನುಮತಿಯ ಬೇರೆ ಕಥೆ ಕೇಳಿದ್ದರೆ ತಿಳಿಸಿ. ಮುಂದಿನ ಕಂತು ಅರ್ಧಕ್ಕೇ ನಿಂತಿದೆ.