ಅಪ್‌ಡೇಟ್: ಬ್ರೇಕ್ ಸದ್ದು ನಿಂತಿತು, ಖರ್ಚೂ ಕಡಿಮೆ ಆಯಿತು

ಬ್ರೇಕ್ ಒತ್ತಿದಾಗ ಮುಂದಿನ ಎಡ ಚಕ್ರದಿಂದ ಕಿರ್ ಅಂತ ಸದ್ದು ಬರುತ್ತಿದೆ, ಗ್ಯಾರೇಜಿನವರು ಪ್ಯಾಡ್, ಡಿಸ್ಕ್, ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡ್ ಒತ್ತಿ ಹಿಡಿಯುವ ಭಾಗ) ಎಲ್ಲಾ ಬದಲಿಸಬೇಕು ಅನ್ನುತ್ತಿದ್ದಾರೆ, ಒಪ್ಪಲಾ ಅಂತ ಕೇಳಿದ್ದೆ. "ಇನ್ನೊಬ್ಬರಿಗೆ ತೋರಿಸಿ, ಡಿಸ್ಕ್ ಅಳತೆ ಮಾಡಿಸಿ" ಅಂದವರಿಗೆಲ್ಲ ಮನಸಾರೆ ಥ್ಯಾಂಕ್ಸ್. ಹಾಗೇ ಮಾಡಿದೆ.

ಎರಡನೇ ಮೆಕ್ಯಾನಿಕ್ ಚಕ್ರ ಬಿಚ್ಚಿ, ನನ್ನನ್ನೇ ಹತ್ತಿರ ಕರೆದು ತೋರಿಸಿದರು. ಒಳಗಿನ ಪ್ಯಾಡ್ ಪೂರ್ತಿ ಸವೆದಿತ್ತು. ಹೊರಗಿನದು ಇನ್ನೂ ಅರ್ಧ ಉಳಿದಿತ್ತು! ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕ್ಯಾಲಿಪರ್ ಸಲೀಸಾಗಿ ಸರಿಯದಿದ್ದರೆ ಪ್ಯಾಡ್ ತಳ್ಳುವ ಪಿಸ್ಟನ್ ಕಡೆಯ, ಅಂದರೆ ಒಳಗಿನ ಪ್ಯಾಡ್ ಬೇಗ ಸವೆಯುತ್ತದಂತೆ. ಪಿನ್ ಉಜ್ಜಿ, ಬಿಸಿ ತಡೆಯುವ ಗ್ರೀಸ್ ಹಚ್ಚಿದರು. ಪಿನ್ ಮುಚ್ಚುವ ರಬ್ಬರ್ ಬೂಟ್ ಹೊಸದು ಹಾಕಿದರು. ಆಮೇಲೆ ಡಿಸ್ಕ್ ದಪ್ಪ ಅಳೆದರು. ಕನಿಷ್ಠ ಎಷ್ಟು ದಪ್ಪ ಇರಬೇಕು ಅನ್ನೋದು ಸಾಮಾನ್ಯವಾಗಿ ಡಿಸ್ಕ್ ಮೇಲೇ ಬರೆದಿರುತ್ತದೆ, ಇದು ನನಗೆ ಗೊತ್ತೇ ಇರಲಿಲ್ಲ. ನನ್ನದು ಅದಕ್ಕಿಂತ ಜಾಸ್ತಿಯೇ ಇತ್ತು.

ಹಾಗಾಗಿ ಬದಲಿಸಿದ್ದು ಪ್ಯಾಡ್ ಮಾತ್ರ, ಮುಂದಿನ ಎರಡೂ ಚಕ್ರಕ್ಕೆ. ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯಬಹುದು, ಅಲ್ವಾ? ಖರ್ಚು ಮೊದಲ ಅಂದಾಜಿನ ಕಾಲು ಭಾಗ. ಮೊದಲಿನವರು ಬೇಕಂತಲೇ ಮೋಸ ಮಾಡಿದರು ಅಂತ ನಾನು ಹೇಳಲ್ಲ. ಆದರೆ ಚಕ್ರವನ್ನೂ ಬಿಚ್ಚದೆ ಅಷ್ಟು ದೊಡ್ಡ ಪಟ್ಟಿ ಕೊಟ್ಟಿದ್ದು ಸರಿಯಲ್ಲ. ತಿಂಗಳ ಸಂಬಳದಲ್ಲಿ ಗಾಡಿ ನೋಡಿಕೊಳ್ಳುವವರಿಗೆ ಅದು ಸಣ್ಣ ಮೊತ್ತವಲ್ಲ.

ಬ್ರೇಕ್ ಆಯಿಲ್ ಹಾಕಿಸಿ 2 ವರ್ಷ ದಾಟಿದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಮುಂದಿನ ವಾರ ಅದನ್ನೂ ಬದಲಿಸುತ್ತೇನೆ.