‘ಸರಳೆ ಸಿಳ್ಳಾರ’ದಲ್ಲಿ ‘ಸರಳೆ’ ಎಂದರೇನು?

ಕೊಪ್ಪದ ಕಡೆಯ ನಮ್ಮ ಮನೆಯ ಹಿಂದೆ ಗುಡ್ಡ, ಗುಡ್ಡದ ಬುಡದಲ್ಲಿ ಹಳ್ಳ. ಆರಿದ್ರಾ ಮಳೆ ಹಿಡಿದ ಮೇಲೆ, ಕಾಗೆಯೂ ಏಳದ ನಸುಕಿನಲ್ಲಿ, ಯಾರೋ ಸಿಳ್ಳೆ ಹಾಕುತ್ತಾ ಹಳ್ಳ ದಾಟಿ ಬರುತ್ತಿರುವಂತೆ ಕೇಳುತ್ತದೆ. ಹೊಸದಾಗಿ ಬಂದ ನೆಂಟರು ತೋಟದ ಕೆಲಸಕ್ಕೆ ಆಳು ಬಂದರೆಂದೇ ತಿಳಿಯುತ್ತಾರೆ. ಹಾಡುವುದು ಮೈನಾದ ಗಾತ್ರದ ಒಂದು ಹಕ್ಕಿ. ನೆರಳಿನಲ್ಲಿ ಕಪ್ಪಗೆ ಕಾಣುತ್ತದೆ. ಬೆಳಕು ಬಿದ್ದರೆ ಹಣೆ ಮತ್ತು ಹೆಗಲಿನ ಮೇಲೆ ಕಡುನೀಲಿ ಮಿಂಚುತ್ತದೆ. ಹಳ್ಳದ ಏಡಿಯನ್ನು ಬಂಡೆಗೆ ಕುಕ್ಕಿ ತಿನ್ನುತ್ತದೆ. ಹಕ್ಕಿ ಪುಸ್ತಕಗಳಲ್ಲಿ ಇದು ‘ಸರಳೆ ಸಿಳ್ಳಾರ’.

‘ಸಿಳ್ಳಾರ’ ತಕರಾರಿಲ್ಲದ ಮಾತು. ಸಿಳ್ಳು ಹಾಕುವುದು ಸಿಳ್ಳಾರ. ನೆಲಸಿಳ್ಳಾರ ಎಂಬ ಇನ್ನೊಂದು ಹಕ್ಕಿಯೂ ಉಂಟು. ನನ್ನನ್ನು ಕಾಡುತ್ತಿರುವುದು ಮೊದಲ ಪದ, ‘ಸರಳೆ’. ಈಚೆಗೆ ಕೆಲವರು ಇದನ್ನು ‘ಸರಳ ಸಿಳ್ಳಾರ’ ಎಂದು ತಿದ್ದಿ ಬರೆಯುವುದನ್ನು ನೋಡಿದೆ. ಅದು ತಪ್ಪು ಎಂದೇ ನನ್ನ ಅಭಿಪ್ರಾಯ. ಈ ಹಕ್ಕಿಯ ಹಾಡಿನಲ್ಲಿ ಸರಳವಾದದ್ದು ಏನೂ ಇಲ್ಲ. ಏರುತ್ತದೆ, ನಡುವೆ ನಿಲ್ಲುತ್ತದೆ, ಮರೆತಂತೆ ಬೇರೆಲ್ಲಿಂದಲೋ ಮತ್ತೆ ಹಿಡಿಯುತ್ತದೆ.

ನನಗೆ ತೋಚಿದ್ದು ಕರ್ನಾಟಕ ಸಂಗೀತ ಪಾಠದ ‘ಸರಳೆ’. ಮಾಯಾಮಾಳವಗೌಳ ರಾಗದಲ್ಲಿ ‘ಸ ರಿ ಗ ಮ’ ಎಂದು ಶುರುವಾಗುವ ಸರಳೆ ವರಸೆಯನ್ನು ಕಲಿಯದೆ ಯಾರೂ ಮುಂದೆ ಹೋಗುವುದಿಲ್ಲ. ಆ ಸರಳೆ ‘ಸ್ವರಾವಳಿ’ಯಿಂದ ಬಂದದ್ದು ಎನ್ನುತ್ತಾರೆ, ಎಂದರೆ ಸ್ವರಗಳ ಸಾಲು. ಪಾಠ ಒಪ್ಪಿಸುವ ಮಗುವಿನ ಹಾಗೆ ಎಡವಿ, ತಡೆದು, ಮತ್ತೆ ಎತ್ತಿಕೊಳ್ಳುವ ಈ ಸಿಳ್ಳಿಗೆ ಅದಕ್ಕಿಂತ ಒಪ್ಪುವ ವಿಶೇಷಣ ಬೇರೆ ಯಾವುದಿದೆ? ಇಂಗ್ಲಿಷಿನವರೂ ಇದನ್ನು ಸಿಳ್ಳೆ ಹಾಕುವ ಶಾಲಾಹುಡುಗ ಎಂದು ಕರೆದರು. ಅವರ ಹುಡುಗ ದಾರಿಯಲ್ಲಿ ಅಲೆಯುವವನು, ನಮ್ಮವನು ಗುರುಗಳ ಮುಂದೆ ಕುಳಿತವನು!

ಆದರೆ ನನ್ನ ಊಹೆಗೆ ನಾನೇ ಒಂದು ಆಕ್ಷೇಪ ಎತ್ತಬೇಕು. ಸರಳೆ ವರಸೆಯಲ್ಲಿ ಸ್ವರಗಳು ಕ್ರಮದಲ್ಲಿ ಹತ್ತಿ ಇಳಿಯುತ್ತವೆ. ಹಕ್ಕಿ ಕ್ರಮವನ್ನು ಲೆಕ್ಕಕ್ಕೇ ಇಡುವುದಿಲ್ಲ. ಹಾಗಾಗಿ ‘ಸ್ವರಗಳ ಸಾಲು’ ಎಂಬ ಸಡಿಲ ಅರ್ಥವನ್ನಷ್ಟೇ ಹಿಡಿಯಬೇಕೇನೋ. ಗೆಳೆಯರೊಬ್ಬರು ಇನ್ನೊಂದು ದಾರಿ ತೋರಿಸಿದರು: ಹಳಗನ್ನಡದ ‘ಸರಳ್’, ಬಾಣ. ಬೆದರಿದಾಗ ಈ ಹಕ್ಕಿ ‘ಕ್ರೀ’ ಎಂದು ಕಿವಿಗೆ ಚುಚ್ಚುವಂತೆ ಕೂಗಿ ಹಳ್ಳದುದ್ದಕ್ಕೂ ನೆಟ್ಟಗೆ ಹಾರಿಹೋಗುವುದನ್ನು ನಾನೂ ನೋಡಿದ್ದೇನೆ, ಆದ್ದರಿಂದ ಮಾತನ್ನು ತಳ್ಳಿಹಾಕಲಾರೆ. ಆದರೂ ಬಾಣದಿಂದ ಬಂದಿದ್ದರೆ ‘ಸರಳುಸಿಳ್ಳಾರ’ ಎಂದಾಗಬೇಕಿತ್ತು. ಕೊನೆಯ ಎಕಾರ ಎಲ್ಲಿಂದ ಬಂತು?

ಜೊತೆಗೇ ಒಂದು ಕಿರುಪ್ರಶ್ನೆ. ಕುಂಭಕಾರ ಕುಂಬಾರನಾದ, ಚರ್ಮಕಾರ ಚಮ್ಮಾರನಾದ. ಸಿಳ್ಳಾರದ ‘ಆರ’ವೂ ಅದೇ ‘ಕಾರ’ದ ಸವೆದ ರೂಪವೇ? ಬುಲ್‌ಬುಲ್ ಹಕ್ಕಿಯ ಹೆಸರಾದ ಪಿಕಳಾರದಲ್ಲಿರುವುದೂ ಅದೇ ಏನು? ಹಾಗಿದ್ದರೆ ನಮ್ಮ ಹಿತ್ತಲಿನ ಹಕ್ಕಿಗಳಲ್ಲಿ ಎಲೆ ಹೊಲಿಯುವ ಸಿಂಪಿಗ, ಕಪ್ಪುಬಿಳುಪಿನ ಮಡಿವಾಳ, ಮರಕುಟಿಗರ ಸಾಲಿಗೆ ಸಿಳ್ಳಿನ ಕಸುಬಿನವನೊಬ್ಬ ಸೇರುತ್ತಾನೆ.

ಮುಖ್ಯವಾಗಿ ತಿಳಿಯಬೇಕಾಗಿರುವುದು ಇದು: ಪುಸ್ತಕ ನೋಡದೆ, ಮನೆಯ ಹಿರಿಯರ ಬಾಯಲ್ಲಿ ‘ಸರಳೆ’ ಎಂಬ ಮಾತನ್ನು ಈ ಹಕ್ಕಿಗೆ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ನಮ್ಮ ಮನೆಯಲ್ಲಿ ಅಜ್ಜಿ ಬರೀ ‘ಸಿಳ್ಳೆಹಕ್ಕಿ’ ಎನ್ನುತ್ತಿದ್ದರು. ಶಿರಸಿ, ಸಕಲೇಶಪುರ, ಕೊಡಗಿನ ಕಡೆಯವರು ತಮ್ಮ ಹಳ್ಳದ ಹಕ್ಕಿಯನ್ನು ಏನೆಂದು ಕರೆಯುತ್ತೀರಿ? ಉಚ್ಚಾರದಲ್ಲಿ ಕೊನೆಗೆ ಎಕಾರವೋ ಉಕಾರವೋ ಎಂಬುದನ್ನೂ ದಯವಿಟ್ಟು ಬರೆಯಿರಿ.